ಮೂರು ತಿಂಗಳ ಒಗಟು, ಒಂದು ಮಂತ್ರ

ಬಂದರಿನ ಊರೊಂದರಲ್ಲಿ ಕಣಜಕ್ಕೆ ಬೆಂಕಿ ಬಿದ್ದಿದೆ. ಹಚ್ಚಿದವರು ಯಾರು? ಈ ಒಂದು ಪ್ರಶ್ನೆಯ ಸುತ್ತ ಮೂರು ತಿಂಗಳು ಆಡುವಷ್ಟು ಕಥೆ ಹೆಣೆದಿಟ್ಟಿದ್ದೆ. ಕಳೆದುಹೋದ ಲೆಕ್ಕದ ಪುಸ್ತಕ, ಹೆದರಿ ಓಡಿಹೋದ ಹಮಾಲ, ದಾರಿ ತಪ್ಪಿಸುವ ಸುಳಿವುಗಳು, ಎಲ್ಲ ಸಿದ್ಧವಿದ್ದವು. ಮೊದಲ ಭಾನುವಾರವೇ ನಮ್ಮ ಪ್ಯಾಲಡಿನ್ ಊರಿನ ಪಟ್ಟಣಶೆಟ್ಟಿಯನ್ನು ಎದುರಿಗೆ ಕೂರಿಸಿಕೊಂಡು ‘ಝೋನ್ ಆಫ್ ಟ್ರೂತ್’ ಹಾಕಿದ. ಅದರೊಳಗೆ ಸಿಕ್ಕಿಬಿದ್ದವನು ಬೇಕೆಂದು ಸುಳ್ಳಾಡಲಾರ.

“ಬೆಂಕಿ ಹಾಕಿಸಿದ್ದು ನೀನೇನಾ?”

ಪರದೆಯ ಹಿಂದೆ ದಾಳ ಉರುಳಿಸಿದೆ. 4 ಬಿತ್ತು. ಶೆಟ್ಟಿ ಸಿಕ್ಕಿಬಿದ್ದಿದ್ದ. ನಾನು ಮಾತ್ರ ಏನೂ ಆಗದವನಂತೆ “ಇಲ್ಲ ಸ್ವಾಮಿ, ನಾನಲ್ಲ” ಅಂದುಬಿಟ್ಟೆ. “ಮಂತ್ರ ಹತ್ತಿತಾ ಇಲ್ವಾ ಅಂತ ನಂಗೆ ಗೊತ್ತಾಗ್ಬೇಕಲ್ಲ ಗುರು?” ಅಂತ ಪ್ಯಾಲಡಿನ್ ಕೇಳಿದ. “ಗೊತ್ತಾಗಲ್ಲ” ಅಂದೆ. ಆ ಪಾತ್ರ ಆಡುವವನು ಬ್ಯಾಂಕಿನಲ್ಲಿ ಕೆಲಸ ಮಾಡುವವ. ಸಣ್ಣ ಅಕ್ಷರ ಓದುವುದೇ ಅವನ ಕಸುಬು. ಪುಸ್ತಕ ತೆಗೆದು ಆ ಪುಟ ಓದಿದ. ಗೊತ್ತಾಗುತ್ತದೆ ಅಂತ ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಸತ್ಯದ ಮಂತ್ರದ ನಡುವೆ ಕೂತು ಸುಳ್ಳು ಹೇಳಿ ಸಿಕ್ಕಿಬಿದ್ದವನು ಶೆಟ್ಟಿಯಲ್ಲ, ನಾನು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ: ಪ್ಯಾಲಡಿನ್ ಎಂಬ ಧರ್ಮಯೋಧ, ವಿಝರ್ಡ್ ಎಂಬ ಮಂತ್ರವಾದಿ, ಬಾರ್ಡ್ ಎಂಬ ಹಾಡುಗಾರ, ಕಳ್ಳ, ಹೀಗೆ. ಉಳಿದ ಇಡೀ ಲೋಕವನ್ನು, ಅಲ್ಲಿನ ರಾಜ, ಕಳ್ಳ, ಹೋಟೆಲಿನವ, ಕಾವಲುಗಾರ ಎಲ್ಲರನ್ನೂ ಒಬ್ಬನೇ ಆಡಿಸುತ್ತಾನೆ. ಅವನೇ ಡಂಜನ್ ಮಾಸ್ಟರ್, ಚುಟುಕಾಗಿ ಡಿಎಂ. ಗೆಲುವು ಸೋಲು ಅನುಮಾನವಿದ್ದ ಕಡೆ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಾನು ಬೆಂಗಳೂರಿನಲ್ಲಿ ಐದು ಜನರ ಮೇಜಿಗೆ ಡಿಎಂ. ಮಾತೆಲ್ಲ ಕನ್ನಡದಲ್ಲಿ, ಮಂತ್ರಗಳ ಹೆಸರು ಮಾತ್ರ ಪುಸ್ತಕದಲ್ಲಿ ಇದ್ದಂತೆ. ಮನಸ್ಸನ್ನು ಮುಟ್ಟುವ ಮಂತ್ರಗಳ ವಿಷಯದಲ್ಲಿ ನಾನು ಮಾಡಿದ ತಪ್ಪುಗಳನ್ನು ಕೆಳಗೆ ಬರೆದಿದ್ದೇನೆ.

1. ಮಂತ್ರ ಹಾಕಿದ ಕೂಡಲೇ ಅದರ ಪಠ್ಯವನ್ನು ಜೋರಾಗಿ ಓದಿ

ನೆನಪಿನಿಂದ ಆಡಿದರೆ ಎಡವಟ್ಟು ಖಚಿತ. ಝೋನ್ ಆಫ್ ಟ್ರೂತ್ ಎರಡನೇ ಹಂತದ ಮಂತ್ರ. 15 ಅಡಿ ತ್ರಿಜ್ಯ, ಹತ್ತು ನಿಮಿಷ. ಒಳಗಿರುವವರು ತಪ್ಪಿಸಿಕೊಳ್ಳಲು ಕರಿಸ್ಮಾ ಸೇವ್ ಎಂಬ ದಾಳ ಹಾಕಬೇಕು. ಯಾರು ತಪ್ಪಿಸಿಕೊಂಡರು, ಯಾರು ಸಿಕ್ಕಿಬಿದ್ದರು ಎಂದು ಹಾಕಿದವನಿಗೆ ತಿಳಿಯುತ್ತದೆ. ಸಿಕ್ಕಿಬಿದ್ದವನಿಗೂ ತನ್ನ ಮೇಲೆ ಮಂತ್ರವಿದೆ ಎಂಬುದು ಗೊತ್ತು. ಅವನು ಸುಮ್ಮನಿರಬಹುದು. ಸುತ್ತಿ ಬಳಸಿ ಉತ್ತರಿಸಬಹುದು. ಬಾಯಿ ಬಿಡಲೇಬೇಕು ಎಂದು ಎಲ್ಲೂ ಇಲ್ಲ.

ನಾನು ಬಹಳ ದಿನ ಗಮನಿಸದ ಇನ್ನೊಂದು ಸಂಗತಿ: ಸೇವ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ವೃತ್ತದೊಳಗೆ ತನ್ನ ಸರದಿ ಶುರುವಾದಾಗಲೆಲ್ಲ ಹಾಕಬೇಕು. ಒಂದು ಸರದಿ ಎಂದರೆ ಆರು ಸೆಕೆಂಡು. ಐದನೇ ಹಂತದ ಪ್ಯಾಲಡಿನ್ ಒಡ್ಡುವ ಗುರಿ 14 ಎಂದಿಟ್ಟುಕೊಳ್ಳಿ, ಶೆಟ್ಟಿಗೆ ದಾಳದ ಮೇಲೆ 2 ಸೇರುತ್ತದೆ. ಹನ್ನೆರಡೋ ಅದಕ್ಕಿಂತ ಹೆಚ್ಚೋ ಬೀಳಬೇಕು. ನೂರಕ್ಕೆ 45ರಷ್ಟು ಅವಕಾಶ. ಮೂರು ಸಲವೂ ತಪ್ಪಿಸಿಕೊಳ್ಳುವ ಅವಕಾಶ ನೂರಕ್ಕೆ 9. ಅಂದರೆ ಹದಿನೆಂಟು ಸೆಕೆಂಡು ಕೂರಿಸಿಕೊಂಡರೆ ಸಾಕು, ಹೆಚ್ಚುಕಡಿಮೆ ಎಂಥವನೂ ಬಲೆಗೆ ಬೀಳುತ್ತಾನೆ. ‘ಸೇವ್ ಆಗಿಬಿಡಲಿ ದೇವರೇ’ ಎಂಬ ಆಸೆಯ ಮೇಲೆ ಕಥೆ ಕಟ್ಟುವ ಡಿಎಂಗಳು ಈ ಲೆಕ್ಕ ಒಮ್ಮೆ ಹಾಕಿಕೊಳ್ಳಬೇಕು.

2. ಬಾಯಿಂದ ಬರುವುದು ನಡೆದದ್ದಲ್ಲ, ಅವನಿಗೆ ಗೊತ್ತಿರುವುದು

ಆ ಭಾನುವಾರದ ಅವಮಾನದ ನಂತರ ಆ ದೃಶ್ಯವನ್ನು ಮತ್ತೆ ಆಡಿಸಿದೆ. ತಪ್ಪು ಒಪ್ಪಿಕೊಂಡು, “ಹಿಂದಿನ ವಾರದ ಆ ಹತ್ತು ನಿಮಿಷ ಇರಲಿಲ್ಲ ಅಂದ್ಕೊಳ್ಳಿ” ಅಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ವಾರವಿಡೀ ಕೂತು ನಾನು ಮಾಡಿದ್ದು ಒಂದೇ ಕೆಲಸ: ಶೆಟ್ಟಿಗೆ ನಿಜಕ್ಕೂ ಏನು ಗೊತ್ತು ಎಂದು ಯೋಚಿಸಿದ್ದು.

ಅವನು ಬೆಂಕಿ ಹಾಕು ಅನ್ನಲಿಲ್ಲ. ತನ್ನ ಮುನೀಮನ ಹತ್ತಿರ “ಆ ಕಣಜದ ತಲೆನೋವು ಮಳೆಗಾಲದೊಳಗೆ ಮುಗಿಯಬೇಕು” ಅಂದಿದ್ದ. ಹಾಗಂದದ್ದು ಲೆಕ್ಕ ಚುಕ್ತಾ ಮಾಡಿ ಮುಚ್ಚು ಎಂಬ ಅರ್ಥದಲ್ಲೋ ಇನ್ನೊಂದರಲ್ಲೋ, ಅವನೇ ತನ್ನನ್ನು ಕೇಳಿಕೊಂಡಿಲ್ಲ. ಈಗ ವೃತ್ತದೊಳಗೆ ಕೂತ ಶೆಟ್ಟಿ “ನಾನು ಹಾಕಿಸಲಿಲ್ಲ” ಎಂದು ಎದೆ ತಟ್ಟಿಕೊಂಡು ಹೇಳಬಹುದು. ಪ್ಯಾಲಡಿನ್‌ಗೂ ಸೇವ್ ಸೋತಿದೆ ಎಂದು ಗೊತ್ತು. ಹಾಗಾದರೆ ಈ ಮನುಷ್ಯನ ಬೆವರು ಯಾಕೆ ಇಳಿಯುತ್ತಿದೆ? ಆಟ ಅಲ್ಲಿಂದ ಶುರುವಾಯಿತು. ಹಿಂದಿನ ವಾರ ನಾನು ಮುಚ್ಚಿಡಲು ಒದ್ದಾಡಿದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಮುಖ್ಯ ಪಾತ್ರಗಳಿಗೆಲ್ಲ ಒಂದು ಚೀಟಿಯಲ್ಲಿ ಮೂರು ಸಾಲು ಬರೆಯುತ್ತೇನೆ. ಕಣ್ಣಾರೆ ಕಂಡದ್ದು. ಕೇಳಿ ನಂಬಿದ್ದು. ಹೇಳಲು ಹೆದರುವುದು. ಎರಡನೇ ಸಾಲಿನಲ್ಲೇ ಒಗಟೆಲ್ಲ ಇರುತ್ತದೆ. ತಪ್ಪು ತಿಳಿದವನು ಸತ್ಯದ ವೃತ್ತದಲ್ಲಿ ನಿಂತು ತಪ್ಪನ್ನೇ ಪ್ರಾಮಾಣಿಕವಾಗಿ ಹೇಳುತ್ತಾನೆ.

ಸುತ್ತಿ ಬಳಸುವುದರಲ್ಲಿ ಒಂದು ಎಚ್ಚರಿಕೆ ಬೇಕು. ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ನುಂಗಿದ ಧರ್ಮರಾಯನ ಕಥೆ ನಮಗೆಲ್ಲ ಬಾಯಿಪಾಠ. ಹಾಗಾಗಿ ಕನ್ನಡದ ಡಿಎಂಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮೀನು ಮಾರುವವಳಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಧರ್ಮರಾಯನಂತೆ ಮಾತಾಡತೊಡಗಿದರೆ, ಅಲ್ಲಿ ಮಾತಾಡುತ್ತಿರುವುದು ಪಾತ್ರವಲ್ಲ, ನೀವು ಎಂದು ಆಟಗಾರರಿಗೆ ಗೊತ್ತಾಗಿಬಿಡುತ್ತದೆ. ಸಾಮಾನ್ಯ ಜನ ಹೆದರಿದಾಗ ಬಡಬಡ ಎಂದು ಎಲ್ಲ ಹೇಳಿಬಿಡುತ್ತಾರೆ. ಹೇಳಲಿ. ಇಡೀ ಕಥೆಗೆ ಒಬ್ಬ ಧರ್ಮರಾಯ ಸಾಕು.

3. ಆ ಲೋಕದವರಿಗೂ ಈ ಮಂತ್ರ ಗೊತ್ತಿದೆ

ಮೂರನೇ ಹಂತದ ಅರ್ಚಕ ಹಾಕಬಲ್ಲ ಮಂತ್ರ ಇದು. ಅಂದರೆ ದೊಡ್ಡ ಊರಿನ ದೇವಸ್ಥಾನದಲ್ಲಿ ಹಾಕಬಲ್ಲವರು ಒಬ್ಬರಾದರೂ ಇದ್ದಾರು. ಹಾಗಿದ್ದ ಮೇಲೆ ಅಲ್ಲಿನ ನ್ಯಾಯಾಲಯ, ವ್ಯಾಪಾರ, ಮದುವೆ ಮಾತುಕತೆ ಎಲ್ಲ ಬೇರೆ ರೀತಿ ಇರಬೇಕಲ್ಲವೇ? ನಮ್ಮಲ್ಲೇ ನೋಡಿ, ‘ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಮುಂದೆ ಆಣೆ ಮಾಡು’ ಅಂದರೆ ಇವತ್ತಿಗೂ ಎಷ್ಟೋ ಜಗಳ ಅಲ್ಲೇ ತಣ್ಣಗಾಗುತ್ತದೆ. ಆಣೆಗೆ ಹೆದರಿ ಹಿಂಜರಿಯುವವರಿದ್ದಾರೆ. ಆಣೆ ಮಾಡೇ ಬಿಡುವ ಗಟ್ಟಿಗರೂ ಇದ್ದಾರೆ. ನನ್ನ ಬಂದರಿನ ಊರಿಗೆ ಈ ಎರಡೂ ಬಗೆಯವರನ್ನು ತಂದೆ.

ಆದರೆ ಕಾನೂನು ಹೇಗಿರಬೇಕು ಎಂದು ತೋಚಿರಲಿಲ್ಲ. ಅದನ್ನು ಕೊಟ್ಟವಳು ನಮ್ಮ ಮೇಜಿನಲ್ಲಿ ವಿಝರ್ಡ್ ಆಡುವ ಕಾನೂನು ವಿದ್ಯಾರ್ಥಿನಿ. ಸುಪ್ರೀಂ ಕೋರ್ಟ್ 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಮಂಪರು ಪರೀಕ್ಷೆ, ಪಾಲಿಗ್ರಾಫ್, ಮೆದುಳಿನ ಮ್ಯಾಪಿಂಗ್ ಇವುಗಳನ್ನು ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ. ತೀರ್ಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಪ್ಪಿಯೇ ಪರೀಕ್ಷೆಗೆ ಕೂತರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಆ ಮಾತಿನ ಜಾಡು ಹಿಡಿದು ಹೋಗಿ ಸಿಕ್ಕ ವಸ್ತು ಸಾಕ್ಷ್ಯವಾಗಬಹುದು.

ಇದನ್ನು ನನ್ನ ಊರಿಗೆ ಹಾಗೇ ಎತ್ತಿಕೊಂಡೆ. ವೃತ್ತಕ್ಕೆ ಕಾಲಿಡು ಎಂದು ಯಾರನ್ನೂ ದೂಡುವಂತಿಲ್ಲ. ಕಾಲಿಟ್ಟು ಆಡಿದ ಮಾತು ನ್ಯಾಯಪೀಠದ ಮುಂದೆ ನಿಲ್ಲುವುದಿಲ್ಲ. ಆ ಮಾತು ತೋರಿಸಿದ ಬಾವಿಯಿಂದ ಎಣ್ಣೆಯ ಪೀಪಾಯಿ ಎತ್ತಿ ತಂದರೆ ನಿಲ್ಲುತ್ತದೆ. ಈ ಒಂದು ನಿಯಮ ನನ್ನ ಆಟಕ್ಕೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಮಂತ್ರ ಪೂರ್ತಿ ಕೆಲಸ ಮಾಡುತ್ತದೆ, ಆಟಗಾರರು ಕೇಳಿದ್ದಕ್ಕೆ ನಿಜವಾದ ಉತ್ತರ ಸಿಗುತ್ತದೆ, ಆದರೂ ರಾತ್ರಿ ಹಗ್ಗ ಹಿಡಿದು ಬಾವಿಗಿಳಿಯುವ ಕೆಲಸ ಅವರಿಗೇ ಉಳಿಯುತ್ತದೆ.

ಇನ್ನೊಂದು ಮಾತು. ಸೇವ್ ಆಯಿತೋ ಸೋತಿತೋ ಎಂದು ತಿಳಿಯುವುದು, ಒಳಗೆ ನಿಂತವನನ್ನು ಬಿಟ್ಟರೆ, ಹಾಕಿದವನಿಗೆ ಮಾತ್ರ. ಸುತ್ತ ನಿಂತ ನೂರು ಜನಕ್ಕೆ ಅವನ ಮಾತೇ ಗತಿ. ಹಾಗಾಗಿ ಆ ಲೋಕದಲ್ಲಿ ಲಂಚ ಕೊಡಬೇಕಾದ್ದು ಸಾಕ್ಷಿಗಲ್ಲ, ಅರ್ಚಕನಿಗೆ. ನಮ್ಮ ಪ್ಯಾಲಡಿನ್ ಪರ ಊರಿನವ, ನಿನ್ನೆ ಮೊನ್ನೆ ಬಂದವ. “ಇವರು ಸತ್ಯವನ್ನೇ ಹೇಳ್ತಿದಾರೆ” ಎಂದು ಅವನು ಘೋಷಿಸಿದರೆ ಊರಿನವರು ಯಾಕೆ ನಂಬಬೇಕು? ಈ ಪ್ರಶ್ನೆಯನ್ನು ಜನರ ಗುಂಪಿನಿಂದ ಒಬ್ಬ ಮುದುಕಿ ಕೇಳಿದಾಗ ನಮ್ಮ ಬ್ಯಾಂಕಿನವನ ಮುಖ ನೋಡಬೇಕಿತ್ತು.

4. ಮೋಡಿ ಬೇರೆ, ವಶೀಕರಣ ಬೇರೆ

‘ಚಾರ್ಮ್ ಪರ್ಸನ್’ ಅಂದರೆ ಏನು ಎಂದು ಹೊಸಬರು ಕೇಳಿದರೆ ನಾನು ಮೊದಲು ‘ವಶೀಕರಣ’ ಅನ್ನುತ್ತಿದ್ದೆ. ತಪ್ಪು ಅಲ್ಲೇ ಆಗಿದ್ದು. ಆ ಪದ ಕೇಳಿದರೆ ನಮಗೆ ನೆನಪಾಗುವುದು ಪತ್ರಿಕೆಯ ಮೂಲೆಯ ಜ್ಯೋತಿಷಿಗಳ ಜಾಹೀರಾತು: ಹೇಳಿದ್ದೆಲ್ಲ ಕೇಳುವ ಗೊಂಬೆ. ಒಬ್ಬ ಹುಡುಗ ಮೊದಲ ಹಂತದ ಮಂತ್ರ ಹಾಕಿ ಖಜಾನೆಯ ಕಾವಲುಗಾರನಿಗೆ “ಬೀಗದ ಕೈ ಕೊಡು, ಆಮೇಲೆ ಬಾವಿಗೆ ಹಾರು” ಅಂದ. ಬೇಡ ಅಂದಾಗ ಜಗಳಕ್ಕೇ ಬಂದ. ಅವನ ತಪ್ಪಿಲ್ಲ, ಪದ ಕೊಟ್ಟವನು ನಾನೇ.

ಈಗ ‘ಮೋಡಿ’ ಅನ್ನುತ್ತೇನೆ. ವಶೀಕರಣ ಎಂಬ ಪದವನ್ನು ಐದನೇ ಹಂತದ ‘ಡಾಮಿನೇಟ್ ಪರ್ಸನ್’ಗೆ ಎತ್ತಿಟ್ಟಿದ್ದೇನೆ, ಅದು ನಿಜಕ್ಕೂ ಗೊಂಬೆಯಾಟ, ಅದೂ ಒಂದು ನಿಮಿಷದ್ದು. ಚಾರ್ಮ್ ಪರ್ಸನ್ ಒಂದು ಗಂಟೆ ಇರುತ್ತದೆ. ಮೋಡಿಗೊಳಗಾದವನು ನಿಮ್ಮನ್ನು ಪರಿಚಯದ ಸ್ನೇಹಿತ ಎಂದು ಎಣಿಸುತ್ತಾನೆ, ನಿಮ್ಮ ಮೇಲೆ ಕೈ ಮಾಡುವುದಿಲ್ಲ. ಅವನನ್ನು ಒಪ್ಪಿಸಲು ನೀವು ಎರಡು ದಾಳ ಉರುಳಿಸಿ ಹೆಚ್ಚು ಬಿದ್ದದ್ದನ್ನು ಹಿಡಿಯಬಹುದು. ಅಷ್ಟೇ. 1974ರ ಮೊದಲ ಪುಸ್ತಕದಲ್ಲಿ ಯಾರಾದರೂ ಮಂತ್ರ ಬಿಡಿಸುವವರೆಗೂ ಇದು ಇಳಿಯುತ್ತಲೇ ಇರಲಿಲ್ಲ. ಹಳೆಯ ಕಥೆ ಕೇಳಿ ಬಂದವರ ನಿರೀಕ್ಷೆ ಇನ್ನೂ ಅಲ್ಲೇ ನಿಂತಿರುತ್ತದೆ.

ಪರಿಚಯದ ಸ್ನೇಹಿತ ಏನು ಮಾಡುತ್ತಾನೆ? ಆಫೀಸಿನ ಬಸ್ಸಿನಲ್ಲಿ ದಿನಾ ಪಕ್ಕ ಕೂರುವವನನ್ನು ನೆನೆಸಿಕೊಳ್ಳಿ. ಐನೂರು ರೂಪಾಯಿ ಸಾಲ ಕೊಟ್ಟಾನು, ಮನೆಯ ಬೀಗದ ಕೈ ಕೊಡಲಾರ. ಹಾಗೆಂದು ‘ಕೊಡಲಾರ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಆಟಗಾರ ಖರ್ಚು ಮಾಡಿದ ಮಂತ್ರ ಹಾಳು. ನನ್ನ ಕಾವಲುಗಾರ ಈಗ ಹೀಗೆ ಮಾತಾಡುತ್ತಾನೆ: “ಅಯ್ಯೋ ಅಣ್ಣಾ, ಬೀಗದ ಕೈ ಕೊಟ್ಟರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ. ಅದು ಬಿಡು, ನೀನ್ಯಾಕೆ ಈ ಹೊತ್ತಲ್ಲಿ ಇಲ್ಲಿ ನಿಂತಿದೀಯ? ಇನ್ನರ್ಧ ಗಂಟೆಗೆ ದಳಪತಿ ಬರ್ತಾನೆ, ಅವನ ಕೈಗೆ ಸಿಕ್ಕೀಯ. ಹಿಂದಿನ ಓಣಿಯಲ್ಲಿ ಹೋಗು, ಅಲ್ಲಿ ಯಾರೂ ಇರಲ್ಲ.” ಕೇಳಿದ್ದು ಸಿಗಲಿಲ್ಲ. ಕೇಳದೆ ಇದ್ದ ಮೂರು ಸಂಗತಿ ಸಿಕ್ಕವು. ಇಲ್ಲ ಅನ್ನುವಾಗ ಕೈಗೆ ಏನಾದರೂ ಕೊಟ್ಟು ಇಲ್ಲ ಅನ್ನಿ.

5. ಗಂಟೆ ಕಳೆದ ಮೇಲೆ ಅವನಿಗೆ ಎಲ್ಲ ತಿಳಿಯುತ್ತದೆ

ಚಾರ್ಮ್ ಪರ್ಸನ್ ಇಳಿದಾಗ, ತನ್ನ ಮೇಲೆ ಮೋಡಿ ಮಾಡಿದವರು ನೀವೇ ಎಂದು ಅವನಿಗೆ ಗೊತ್ತಾಗುತ್ತದೆ. ‘ಫ್ರೆಂಡ್ಸ್’ ಎಂಬ ಚಿಲ್ಲರೆ ಮಂತ್ರ ಇನ್ನೂ ಕೆಟ್ಟದ್ದು. 2014ರ ಪುಸ್ತಕದ ಪ್ರಕಾರ ಒಂದು ನಿಮಿಷ ಮುಗಿದ ಕೂಡಲೇ ಎದುರಿನವನು ಹಗೆಯಾಗುತ್ತಾನೆ. ನಮ್ಮ ಬಾರ್ಡ್ ಅದನ್ನು ಹಾಕಿ ಹಗ್ಗದ ಅಂಗಡಿಯಲ್ಲಿ ಚೌಕಾಸಿ ಮಾಡಿದ. ಎರಡು ಬೆಳ್ಳಿ ನಾಣ್ಯ ಉಳಿಯಿತು. ಬಾಗಿಲು ದಾಟುವಷ್ಟರಲ್ಲಿ ಮಂತ್ರ ಇಳಿಯಿತು.

ಆಗ ನಾನು ಇಡೀ ಊರಿನ ಪಹರೆಯನ್ನು ಅವರ ಬೆನ್ನಿಗೆ ಬಿಟ್ಟೆ. ಅದು ಅತಿಯಾಯಿತು. ಎರಡು ಬೆಳ್ಳಿಗೆ ಇಪ್ಪತ್ತು ಕತ್ತಿ ಬರುವುದಿಲ್ಲ. ಬಾರ್ಡ್ ಆಡುತ್ತಿದ್ದವನು ಆಮೇಲೆ ಎರಡು ತಿಂಗಳು ಆ ಮಂತ್ರ ಮುಟ್ಟಲೇ ಇಲ್ಲ. ಈಗಾದರೆ ಅಂಗಡಿಯವನು ಬೀದಿಗೆ ಬಂದು ಬಾಯಿಗೆ ಬಂದಂತೆ ಬೈಯುತ್ತಾನೆ, ಪಕ್ಕದ ಎಣ್ಣೆ ಅಂಗಡಿಯವಳಿಗೆ ಹೇಳುತ್ತಾನೆ, ಸಂಜೆಯೊಳಗೆ ಆ ಸಾಲಿನಲ್ಲಿ ಬಾರ್ಡ್‌ಗೆ ಯಾರೂ ಸಾಮಾನು ಕೊಡುವುದಿಲ್ಲ. ಬೇರೆಯವರನ್ನು ಕಳಿಸಿ ತರಿಸಿಕೊಳ್ಳಬೇಕು. ಆಟಗಾರರು ಆ ಅವಮಾನ ನೆನೆದು ಇನ್ನೂ ನಗುತ್ತಾರೆ.

ಮಂತ್ರ ಹಾಕುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಿ. ಬಾಯಲ್ಲಿ ಮಂತ್ರ, ಕೈಯಲ್ಲಿ ಮುದ್ರೆ. ರಾಜಸಭೆಯಲ್ಲಿ ಹಾಗೆ ಕೈ ಎತ್ತಿದರೆ ಕತ್ತಿ ಹಿರಿದ ಹಾಗೇ ಲೆಕ್ಕ. ಹೇಳದೆ ಇದ್ದು ಆಮೇಲೆ ಶಿಕ್ಷೆ ಕೊಡುವುದು ಮೋಸ.

6. ‘ಸಜೆಶನ್’ ಹಾಕಿದರೆ ವಾಕ್ಯವನ್ನು ಬರೆಸಿಕೊಳ್ಳಿ

ಎದುರಿನವನು ನೀವು ಕೊಟ್ಟ ಸಲಹೆಯಂತೆ ನಡೆಯುವ ಹಾಗೆ ಮಾಡುವ ಮಂತ್ರ ಇದು. 2014ರ ಪುಸ್ತಕದ ಪ್ರಕಾರ ಹಾಕಲು ಹಾವಿನ ನಾಲಿಗೆಯ ಜೊತೆ ಜೇನುಹುಟ್ಟಿನ ಚೂರೋ ಒಂದು ತೊಟ್ಟು ಸಿಹಿ ಎಣ್ಣೆಯೋ ಬೇಕು. ಕಲ್ಪಿಸಿದವರ ತಮಾಷೆ ನನಗೆ ಇಷ್ಟ. ಅದೇ ಪಠ್ಯದಲ್ಲಿ ಸಲಹೆ ಕಿವಿಗೆ ಸಮಂಜಸ ಅನ್ನಿಸಬೇಕು ಎಂದಿದೆ. 2024ರ ಪರಿಷ್ಕೃತ ಪುಸ್ತಕದಲ್ಲಿ ಆ ಪದ ಹೋಗಿ, ಮಾಡಲು ಸಾಧ್ಯವೆನಿಸಬೇಕು, ಅವನಿಗೂ ಅವನ ಕಡೆಯವರಿಗೂ ಎದ್ದು ಕಾಣುವ ಹಾನಿ ಆಗಬಾರದು ಎಂದಾಗಿದೆ. ಎರಡರಲ್ಲಿ ಯಾವುದು ನಿಮ್ಮ ಮೇಜಿನದು ಎಂದು ಮೊದಲೇ ತೀರ್ಮಾನಿಸಿ. ವಾಕ್ಯವನ್ನು ಚೀಟಿಯಲ್ಲಿ ಬರೆಸಿಕೊಂಡರೆ ‘ನಾನು ಹಾಗೆ ಹೇಳಲೇ ಇಲ್ಲ’ ಎಂಬ ವಾದ ಹುಟ್ಟುವುದಿಲ್ಲ.

7. ಮನಸ್ಸು ಓದಿದರೆ ಚಿತ್ರ ಕೊಡಿ

‘ಡಿಟೆಕ್ಟ್ ಥಾಟ್ಸ್’ ಮೊದಲಿಗೆ ಮೇಲುಮೇಲಿನ ಯೋಚನೆಯನ್ನಷ್ಟೇ ತೋರಿಸುತ್ತದೆ. ಪ್ರಶ್ನೆ ಕೇಳಿದರೆ ಯೋಚನೆ ಆ ಕಡೆ ಹರಿಯುತ್ತದೆ. ಇನ್ನೂ ಆಳಕ್ಕೆ ಕೈ ಹಾಕಿದರೆ ಎದುರಿನವನಿಗೆ ಗೊತ್ತಾಗುತ್ತದೆ. ಮುನೀಮನ ಮನಸ್ಸು ಓದಿದಾಗ ನಾನು ‘ಅವನೇ ಅಪರಾಧಿ’ ಅನ್ನಲಿಲ್ಲ. ಒದ್ದೆ ಚಪ್ಪಲಿ, ಎಣ್ಣೆಯ ವಾಸನೆ, ಮಗಳು ನಿದ್ದೆಯಲ್ಲಿ ಕೆಮ್ಮುವ ಸದ್ದು ಅಂದೆ. ಸುಮ್ಮನೆ ಕೂತಿದ್ದ ನಮ್ಮ ಕಳ್ಳ ಪಾತ್ರದವಳು “ಎಣ್ಣೆ! ಬಾವಿ!” ಎಂದು ಕುರ್ಚಿಯಿಂದ ಎದ್ದಳು.

8. ಆಟಗಾರರ ಮನಸ್ಸಿಗೆ ಕೈ ಹಾಕುವಾಗ

ಈ ಪಾಠವನ್ನು ತಡವಾಗಿ ಕಲಿತೆ. ರಕ್ತಪಿಶಾಚಿಯ ಮೋಡಿ ಒಬ್ಬಳ ಪಾತ್ರಕ್ಕೆ ಹತ್ತಿತು. ನಾನು ಅವಳ ಪಾತ್ರದ ಹಾಳೆ ನನ್ನ ಕಡೆ ಎಳೆದುಕೊಂಡು “ಈಗ ನೀನು ಹೀಗೆ ಮಾಡ್ತೀಯ” ಎನ್ನತೊಡಗಿದೆ. ಅವಳು ಮೊಬೈಲ್ ತೆಗೆದು ಕೂತಳು. 2014ರ ನಿಯಮ ಹಾಗೆ ಹೇಳುವುದೇ ಇಲ್ಲ. ಪಿಶಾಚಿಯನ್ನು ನಂಬಿಕೆಯ ಸ್ನೇಹಿತ ಎಂದು ಎಣಿಸುತ್ತಾಳೆ, ಅದರ ಹತೋಟಿಯಲ್ಲಿ ಇರುವುದಿಲ್ಲ ಎಂದಷ್ಟೇ ಇದೆ. ಈಗ ಹೊರಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳುತ್ತೇನೆ: “ಅವನು ನಿನಗೆ ಬೇಕಾದವನು ಅನ್ನಿಸ್ತಿದೆ. ಹೇಗೆ ಆಡ್ತೀಯ ನೀನೇ ನೋಡು.” ನಾನು ಊಹಿಸಿದ್ದಕ್ಕಿಂತ ದೊಡ್ಡ ದ್ರೋಹವನ್ನು ಅವರೇ ಮನಸಾರೆ ಮಾಡುತ್ತಾರೆ.

ಇನ್ನೊಂದು, ಹೇಳಲೇಬೇಕಾದದ್ದು. ಹೋಟೆಲಿನವನ ಮಗಳ ಮೇಲೆ ಮೋಡಿ ಹಾಕಿ ಕೋಣೆಗೆ ಕರೆಯುತ್ತೇನೆ ಎಂದು ಒಬ್ಬ ನಗುತ್ತಾ ಹೇಳಿದ. ಮೇಜು ತಣ್ಣಗಾಯಿತು. ಇಬ್ಬರು ಪುಸ್ತಕ ಮುಚ್ಚಿದರು. ನಾನು ಆಟ ನಿಲ್ಲಿಸಿ “ಇದು ನಮ್ಮ ಮೇಜಿನಲ್ಲಿ ಇಲ್ಲ” ಅಂದೆ. ದಾಳ, ಸೇವ್ ಯಾವುದರ ಚರ್ಚೆಯೂ ಇಲ್ಲ. ಈಗ ಹೊಸ ಕಥೆ ಶುರುವಾಗುವ ಮೊದಲೇ ಒಂದು ಸಂಜೆ ಕೂತು, ಯಾವುದು ಬೇಡ ಎಂದು ಮಾತಾಡಿಕೊಳ್ಳುತ್ತೇವೆ. ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಮೇಜಿನ ಮಧ್ಯೆ ಇರುತ್ತದೆ. ಯಾರು ಮುಟ್ಟಿದರೂ ಆ ದೃಶ್ಯ ಅಲ್ಲಿಗೆ ನಿಂತಿತು, ಕಾರಣ ಕೇಳುವಂತಿಲ್ಲ.

9. ‘ಇನ್‌ಸೈಟ್’ ದಾಳ ಸುಳ್ಳು ಹಿಡಿಯುವ ಯಂತ್ರವಲ್ಲ

ಎದುರಿನವನ ಮಾತಿನ ಹಿಂದೆ ಏನಿದೆ ಎಂದು ಊಹಿಸಲು ಹಾಕುವ ದಾಳ ಇದು. 20 ಬಿದ್ದರೂ ‘ಸುಳ್ಳು’ ಎನ್ನಬೇಡಿ. ‘ನಿಮ್ಮ ಕಣ್ಣು ತಪ್ಪಿಸಿ ಬಾಗಿಲ ಕಡೆ ನೋಡಿದ’ ಅನ್ನಿ. 3 ಬಿದ್ದರೆ ‘ನಿಜ ಹೇಳುತ್ತಿದ್ದಾನೆ’ ಎನ್ನಲೂ ಬೇಡಿ. ಏನೂ ತಿಳಿಯಲಿಲ್ಲ, ಅಷ್ಟೇ.

10. ಕವಚವನ್ನು ಎಲ್ಲರಿಗೂ ತೊಡಿಸಬೇಡಿ

‘ರಿಂಗ್ ಆಫ್ ಮೈಂಡ್ ಶೀಲ್ಡಿಂಗ್’ ಎಂಬ ಉಂಗುರ ಇದೆ, ತೊಟ್ಟವನ ಯೋಚನೆ ಓದಲು, ಅವನು ಸುಳ್ಳಾಡುತ್ತಿದ್ದಾನಾ ಎಂದು ತಿಳಿಯಲು ಯಾವ ಮಂತ್ರಕ್ಕೂ ಆಗದು. ಎಲ್ಫ್ ಕಾವಲುಗಾರರು ಮೋಡಿಗೆ ಸುಲಭವಾಗಿ ಬೀಳುವುದಿಲ್ಲ. ಹೆಣಗಳಿಂದ ಎದ್ದವುಗಳಲ್ಲಿ ಹಲವಕ್ಕೆ ಮೋಡಿಯೇ ತಗಲದು. ಶೆಟ್ಟಿಯ ಪ್ರಸಂಗದ ನಂತರ ಸಿಟ್ಟಿನಲ್ಲಿ ನಾನು ಒಂದು ಕೋಟೆಯಲ್ಲಿ ಇವೆಲ್ಲವನ್ನೂ ತುಂಬಿದ್ದೆ. ಮೂರನೇ ಬಾಗಿಲಿಗೂ ಎಲ್ಫ್ ಕಾವಲುಗಾರ ಕಂಡಾಗ ವಿಝರ್ಡ್ ಕೇಳಿದಳು: “ಅಣ್ಣಾ, ನಾನು ಬೇರೆ ಮಂತ್ರ ಕಲೀಬೇಕಿತ್ತು ಅಂತ ನೇರವಾಗಿ ಹೇಳ್ಬಹುದಲ್ವಾ?” ಉತ್ತರ ಇರಲಿಲ್ಲ. ಅವಳು ಹಂತ ಏರಿದಾಗ ಬೆಂಕಿ ಚೆಂಡು ಬಿಟ್ಟು ಮನಸ್ಸು ಮುಟ್ಟುವ ಮಂತ್ರವನ್ನು ಆರಿಸಿಕೊಂಡಿದ್ದಳು. ಕತ್ತಿ ಆಡಿಸುವವನಿಗೆ ಕಡಿಯಲು ಯಾರಾದರೂ ಸಿಗುತ್ತಾರೆ. ಮಾತಿನ ಮಂತ್ರ ಕಲಿತವಳಿಗೂ ಬಾಯಿ ಬಿಡುವ ಮನುಷ್ಯರು ಸಿಗಬೇಕು. ಉಂಗುರ ಇಡುವುದಾದರೆ ಒಂದೇ ಒಂದು, ಅದೂ ಆಟಗಾರರು ಮೊದಲೇ ಅದರ ಸುದ್ದಿ ಕೇಳಿರುವಂತೆ ಇಡಿ.

ಕಣಜದ ಕಥೆ ಮೂರು ತಿಂಗಳಿಗೆ ಮುಗಿಯಬೇಕಿತ್ತು. ಈಗ ಏಳನೇ ತಿಂಗಳು. ಶೆಟ್ಟಿ ಸೆರೆಯಲ್ಲಿದ್ದಾನೆ, ನಮ್ಮ ಪ್ಯಾಲಡಿನ್ ಆಗಾಗ ಹೋಗಿ ಅವನ ಹತ್ತಿರವೇ ಸಲಹೆ ಕೇಳುತ್ತಾನೆ. ಮುನೀಮ ಮಗಳನ್ನು ಕರೆದುಕೊಂಡು ಹಡಗು ಹತ್ತಿದ್ದಾನೆ, ಇನ್ನೂ ಸಿಕ್ಕಿಲ್ಲ.